ಕೋ ಎಂದು ಮುಗಿಯುವ ಮಾತು

ಆ ಮಧ್ಯಾಹ್ನ ಆಟದ ಗೆರೆಯ ಆಚೆಯಿಂದ ಯಾರೋ ಕೂಗಿದರು. ಕೂಗು ‘ಕೋ’ ಎಂದು ಮುಗಿಯಿತು. ನನಗೆ ಖಚಿತವಾಗಿ ಗೊತ್ತಿರುವುದು ಇಷ್ಟೇ. ಆ ‘ಕೋ’ಗೆ ಮುಂಚೆ ಯಾವ ಅಕ್ಷರಗಳಿದ್ದವು, ಅದು ಯಾರ ಬಾಯಿಂದ ಬಂತು ಎನ್ನುವುದನ್ನು ಇಷ್ಟು ವರ್ಷಗಳಲ್ಲಿ ನಾನು ಬೇರೆ ಬೇರೆ ಥರ ಹೇಳಿಕೊಂಡು ಬಂದಿದ್ದೇನೆ. ಹೇಳುವಾಗಲೆಲ್ಲ ನಂಬಿಯೇ ಹೇಳಿದ್ದೇನೆ. ಈ ಸಲ ಗೊತ್ತಿರುವುದನ್ನು ಮೊದಲು ಬರೆದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಬಿಡಬೇಕು ಅಂದುಕೊಂಡು ಕೂತಿದ್ದೇನೆ.

ನಮ್ಮದು ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಿದ್ದ ಸರ್ಕಾರಿ ಪ್ರೌಢಶಾಲೆ. ತೊಂಬತ್ತರ ದಶಕದ ನಡುವಿನ ಮಾತು. ಶೀಟಿನ ಚಾವಣಿ, ಉದ್ದನೆಯ ವರಾಂಡ, ಒಂದು ಗೋಡೆಯಾಚೆ ಪ್ರೆಸ್ ಶಾಪು. ಅಲ್ಲಿನ ತಗಡು ಕತ್ತರಿಸುವ ಯಂತ್ರ ಬೆಳಗ್ಗೆಯಿಂದ ಸಂಜೆಯವರೆಗೆ ಧಡ್ ಧಡ್ ಎಂದು ಬಡಿಯುತ್ತಿತ್ತು. ಉಕ್ತಲೇಖನ ಹೇಳುವ ಮೇಷ್ಟ್ರು ಎರಡು ಬಡಿತಗಳ ನಡುವೆ ಒಂದು ಪದ ತೂರಿಸುತ್ತಿದ್ದರು. ದೊಡ್ಡ ಪದವಾದರೆ ಅರ್ಧ ಕೇಳಿಸುತ್ತಿರಲಿಲ್ಲ. ಉಳಿದರ್ಧವನ್ನು ನಾವು ಊಹಿಸಿ ಬರೆಯುತ್ತಿದ್ದೆವು. ಊಹಿಸಿ ಬರೆಯುವ ಅಭ್ಯಾಸ ನನಗೆ ಅಲ್ಲಿಯೇ ಹತ್ತಿರಬೇಕು.

ಮುಂದೆ ಬಯಲು. ಅದು ಶಾಲೆಯದೇ ಆಗಿದ್ದರೂ ಸುತ್ತಲಿನ ಲೇತ್ ಶೆಡ್ಡುಗಳವರು ರಾತ್ರೋರಾತ್ರಿ ಕಬ್ಬಿಣದ ಸುರುಳಿಗಳನ್ನು ತಂದು ಸುರಿಯುತ್ತಿದ್ದರು. ಲೇತಿನಲ್ಲಿ ಕಬ್ಬಿಣ ಹೆರೆದಾಗ ಉದುರುವ, ನೀಲಿಗಟ್ಟಿದ, ಬ್ಲೇಡಿನಂಥ ಸುರುಳಿ. ಬರಿಗಾಲಿನಲ್ಲಿ ಆಡುವ ನಾವು ಆಟಕ್ಕೆ ಮುಂಚೆ ಒಡೆದ ರೇಡಿಯೋ ಸ್ಪೀಕರಿನ ಅಯಸ್ಕಾಂತಕ್ಕೆ ಹಗ್ಗ ಕಟ್ಟಿ, ಬಯಲಿನ ತುಂಬ ನಾಯಿಮರಿಯಂತೆ ಎಳೆದುಕೊಂಡು ಓಡಾಡುತ್ತಿದ್ದೆವು. ಅಯಸ್ಕಾಂತಕ್ಕೆ ಮುಳ್ಳುಹಂದಿಯ ಹಾಗೆ ಮೈತುಂಬ ಕಬ್ಬಿಣ ಮೂಡುತ್ತಿತ್ತು. ಆದರೂ ಯಾರದಾದರೂ ಅಂಗಾಲು ಸೀಳುತ್ತಿತ್ತು. ಪಕ್ಕದ ಗ್ಯಾರೇಜಿನಿಂದ ಗ್ರೀಸು ತಂದು ಮೆತ್ತುತ್ತಿದ್ದರು. ರಕ್ತ ನಿಲ್ಲುತ್ತಿತ್ತು. ಆಮೇಲೆ ಕೀವು.

ಹುಡುಗರಿಗೆ ಕ್ರಿಕೆಟ್ಟು, ಹುಡುಗಿಯರಿಗೆ ಖೋಖೋ. ಅದನ್ನು ಯಾರು ತೀರ್ಮಾನಿಸಿದರೋ ಗೊತ್ತಿಲ್ಲ. ಬಯಲಿನ ಮುಕ್ಕಾಲು ಭಾಗ ಕ್ರಿಕೆಟ್ಟಿಗೆ ಹೋಗಿ, ಚರಂಡಿಯ ಪಕ್ಕದ ಪಟ್ಟಿ ನಮಗೆ ಉಳಿದಿತ್ತು. ಚರಂಡಿಯಲ್ಲಿ ಕೆಲವು ದಿನ ಹಸಿರು ನೀರು, ಕೆಲವು ದಿನ ತುಕ್ಕಿನ ಬಣ್ಣದ ನೀರು. ಲೋಹಕ್ಕೆ ಲೇಪ ಹಾಕುವವರು ಯಾವ ತೊಟ್ಟಿ ಖಾಲಿ ಮಾಡಿದ್ದಾರೆ ಎಂದು ಅದರಿಂದ ಗೊತ್ತಾಗುತ್ತಿತ್ತು.

ಇನ್ನು ಅವಳು, ಆ ಕೂಗಿಗೆ ಎದ್ದವಳು. ಬಾಗಲಕೋಟೆ ಕಡೆಯವಳು. ತಾಯಿ ಕಟ್ಟಡದ ಕೆಲಸಕ್ಕೆ ಹೋಗುತ್ತಿದ್ದಳು. ದಾಸರಹಳ್ಳಿಯ ಒಂದು ವಠಾರದಲ್ಲಿ ಇಬ್ಬರಿಗೂ ಸೇರಿ ಒಂದೇ ಕೋಣೆ. ತಂದೆಯ ವಿಷಯ ಅವಳು ಎತ್ತಲಿಲ್ಲ, ನಾವೂ ಕೇಳಲಿಲ್ಲ. ನಾನು ಎಂಟು ಮುಗಿಸಿ ಒಂಬತ್ತಕ್ಕೆ ಬಂದಾಗ ಅವಳು ಅಲ್ಲಿ ಮೊದಲೇ ಇದ್ದಳು. ಗಣಿತದಲ್ಲಿ ಹೋಗಿ ಅದೇ ಕ್ಲಾಸಿನಲ್ಲಿ ಎರಡನೇ ವರ್ಷ ಕೂತಿದ್ದಳು. ನನಗಿಂತ ಒಂದು ಗೇಣು ಎತ್ತರ. ಮೊದಲ ದಿನ ಬೆಂಚಿನಲ್ಲಿ ಸರಿದು ಜಾಗ ಮಾಡಿ ನನಗೆ ಹೇಳಿದಳು:

“ಬಾ, ಇಲ್ಲಿ ಕುಂದ್ರು.”

ಇಡೀ ಕ್ಲಾಸು ನಕ್ಕಿತು. ನಾನೂ ನಕ್ಕಿರಬೇಕು. ಹಿಂದಿನ ಬೆಂಚಿನಿಂದ ಒಬ್ಬ, “ಏಯ್ ಕುಂದ್ರು, ಖಡಕ್ ರೊಟ್ಟಿ ತಂದಿದ್ಯೇನೇ?” ಅಂದ. ಅದು ಹಳೆಯ ನಗು. ಹಿಂದಿನ ವರ್ಷವೇ ಶುರುವಾಗಿದ್ದದ್ದು. ನಮ್ಮಲ್ಲಿ ಅರ್ಧ ಜನ ತಮಿಳಿನವರು, ತೆಲುಗಿನವರು, ಉರ್ದುವಿನವರು. ಕೂತ್ಕೋ ಎನ್ನುವುದನ್ನೇ ಬೀದಿಯಲ್ಲಿ ಕಲಿತವರು. ಆದರೂ ಕುಂದ್ರು ಎನ್ನುವವಳು ಹೊರಗಿನವಳು.

“ನೀವೇನ್ ನಗ್ತೀರಿ? ನಿಮ್ಮ ಕನ್ನಡ ನಮ್ಮವ್ವಗ ತಿಳಿಯಂಗಿಲ್ಲ,” ಅಂದಳು ಅವಳು. ಅವಳೂ ನಗುತ್ತಿದ್ದಳು, ಅಥವಾ ನಗುತ್ತಿದ್ದಂತೆ ಕಾಣುತ್ತಿದ್ದಳು.

ಒಂಬತ್ತನೇ ಕ್ಲಾಸು ನಮ್ಮ ಶಾಲೆಯಲ್ಲಿ ಒಂದು ಜರಡಿ. ಎಸ್ಸೆಸ್ಸೆಲ್ಸಿ ಫಲಿತಾಂಶ ಕೆಟ್ಟರೆ ಮೇಲಿನವರು ಹೆಡ್ಮಾಸ್ತರರನ್ನು ಕರೆಸಿ ನಿಲ್ಲಿಸುತ್ತಿದ್ದರು. ಅದಕ್ಕೆ ಹೆಡ್ಮಾಸ್ತರರು ಪಾಸಾಗುವ ಭರವಸೆ ಇಲ್ಲದವರನ್ನು ಹತ್ತಕ್ಕೆ ಬಿಡುತ್ತಲೇ ಇರಲಿಲ್ಲ. “ಒಂಬತ್ತರಲ್ಲಿ ಸೋಸದೇ ಇದ್ರೆ ಹತ್ತರಲ್ಲಿ ಎಲ್ಲರೂ ಮುಳುಗ್ತೀವಿ,” ಎಂದು ಅವರು ವರಾಂಡದಲ್ಲಿ ನಿಂತು ಎಲ್ಲರಿಗೂ ಕೇಳುವಂತೆಯೇ ಹೇಳುತ್ತಿದ್ದರು. ಒಂದು ಸಲ ಹೋದವರು ಇನ್ನೊಂದು ವರ್ಷ ಕೂರಬಹುದು. ಎರಡನೇ ಸಲವೂ ಹೋದರೆ ಟಿ.ಸಿ. ಕೈಗೆ ಬರುತ್ತಿತ್ತು. ಟಿ.ಸಿ. ತೆಗೆದುಕೊಂಡವರು ಇನ್ನೊಂದು ಶಾಲೆಗೆ ಹೋದದ್ದನ್ನು ನಾನು ನೋಡಲಿಲ್ಲ. ಗಾರ್ಮೆಂಟ್ಸಿಗೆ, ಊದುಬತ್ತಿ ಹೊಸೆಯುವುದಕ್ಕೆ, ಪಾಲಿಶ್ ಶೆಡ್ಡಿಗೆ ಹೋಗುತ್ತಿದ್ದರು. ಅವಳ ವಠಾರದ ಹೆಂಗಸೊಬ್ಬಳು ಗಾರ್ಮೆಂಟ್ಸಿನ ಸೂಪರ್‌ವೈಸರ್ ಹತ್ತಿರ ಆಗಲೇ ಮಾತಾಡಿ ಇಟ್ಟಿದ್ದಳು. ಹೊಲಿದು ಬಂದ ಅಂಗಿಗಳ ದಾರದ ತುದಿ ಕತ್ತರಿಸುವ ಕೆಲಸ, ದಿನವಿಡೀ ನಿಂತು.

ಆದರೆ ಅವಳಿಗೆ ಬೇಕಾಗಿದ್ದದ್ದು ಬೇರೆ. ಒಂದು ದಿನ ಅಯಸ್ಕಾಂತ ಎಳೆಯುತ್ತ ಹೇಳಿದಳು:

“ಹತ್ತ ಪಾಸಾದ್ರ ಪೊಲೀಸ್ ಆಗಬೌದಂತ. ಅದರಾಗ ಓಡೂದು ಐತಿ.”

“ಗಣಿತ?” ಅಂದೆ.

“ಕಳ್ಳನ್ನ ಹಿಡಿಯಾಕ ಗಣಿತ ಯಾಕ ಬೇಕ? ಹತ್ತರ ಪೇಪರ್ ಹೊರಗಿಂದ ಬರ್ತೈತಿ, ತಿದ್ದಾವ್ರು ಬ್ಯಾರೆ. ಅಲ್ಲಿ ತನಕ ಹೋದ್ರ ಹೆಂಗರ ಆಗ್ತೈತಿ. ಇಲ್ಲೇ ಬಿಡವಲ್ರು.”

ಓಟ ಅವಳಿಗೆ ಇತ್ತು. ಅವಳು ಓಡುವುದನ್ನು ವರ್ಣಿಸಲು ಹೊರಟರೆ ಚಿಗರೆ, ಗಾಳಿ ಎಂದೆಲ್ಲ ಬರುತ್ತದೆ. ಅವು ನನ್ನವಲ್ಲ, ಯಾರೋ ಬಳಸಿ ಬಿಟ್ಟವು. ನಾನು ಕಂಡದ್ದೆಂದರೆ ಅವಳು ಓಡುವಾಗ ಬಾಯಿ ಮುಚ್ಚಿರುತ್ತಿದ್ದಳು. ನಾವೆಲ್ಲ ಬಾಯಿ ತೆರೆದು ಏದುಸಿರು ಬಿಡುತ್ತ ಓಡುತ್ತಿದ್ದೆವು.

ಪಿ.ಟಿ. ಮೇಷ್ಟ್ರು ನೆಲಮಂಗಲದ ಆಚೆಯ ಹಳ್ಳಿಯವರು. ಅವರ ಬಾಯಲ್ಲಿ ಹಕಾರ ನಿಲ್ಲುತ್ತಿರಲಿಲ್ಲ. ಹಾಜರಿ ಅಂದರೆ ಆಜರಿ, ಹುಡುಗಿ ಅಂದರೆ ಉಡುಗಿ. ಟೈಮ್ ಟೇಬಲ್ಲಿನಲ್ಲಿ ಅವರಿಗೆ ಪೀರಿಯಡ್ಡುಗಳಿದ್ದವು, ಆದರೆ ಗಣಿತದ ಮೇಷ್ಟ್ರು ಪಾಠ ಮುಗಿದಿಲ್ಲವೆಂದು ಅವನ್ನು ನುಂಗುತ್ತಿದ್ದರು. ಪಿ.ಟಿ. ಮೇಷ್ಟ್ರು ಬಾಗಿಲಿಗೆ ಬಂದು, ಒಳಗೆ ಬೋರ್ಡಿನ ತುಂಬ ಸಮೀಕರಣ ನೋಡಿ, ಸೀಟಿಯನ್ನು ಜೇಬಿಗೆ ಹಾಕಿಕೊಂಡು ಹೋಗುತ್ತಿದ್ದರು. ಹಾಗಾಗಿ ಖೋಖೋ ಅಭ್ಯಾಸ ಸಂಜೆ, ಶಾಲೆ ಬಿಟ್ಟ ಮೇಲೆ, ಕಾರ್ಖಾನೆಗಳ ಶಿಫ್ಟಿನ ಸೈರನ್ ಕೂಗುವವರೆಗೆ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ಹಿಡಿಯುವ ತಂಡದವರು ಎರಡು ಕಂಬಗಳ ನಡುವೆ ಸಾಲಾಗಿ ಚೌಕಗಳಲ್ಲಿ ಕುಕ್ಕರಗಾಲಿನಲ್ಲಿ ಕೂರುತ್ತಾರೆ. ಪಕ್ಕಪಕ್ಕದವರ ಮುಖ ವಿರುದ್ಧ ದಿಕ್ಕಿಗೆ. ಒಬ್ಬಳು ಮಾತ್ರ ಎದುರು ತಂಡದವರನ್ನು ಅಟ್ಟಿಸಿಕೊಂಡು ಓಡುತ್ತಾಳೆ. ಅವಳು ಸಾಲನ್ನು ದಾಟುವ ಹಾಗಿಲ್ಲ. ಓಡುವವಳು ಆಚೆ ಬದಿಗೆ ನುಸುಳಿದರೆ, ಆ ಬದಿಗೆ ಮುಖ ಮಾಡಿ ಕೂತ ಒಬ್ಬಳ ಬೆನ್ನನ್ನು ಹಿಂದಿನಿಂದ ಮುಟ್ಟಿ ‘ಖೋ’ ಎನ್ನಬೇಕು. ಆಗ ಕೂತವಳು ಎದ್ದು ಓಡುತ್ತಾಳೆ, ಖೋ ಕೊಟ್ಟವಳು ಎದ್ದವಳ ಜಾಗದಲ್ಲಿ ಕೂರುತ್ತಾಳೆ. ಕೈಯೂ ಬೇಕು, ಮಾತೂ ಬೇಕು. ಅದಕ್ಕೆ ಮುಂಚೆ ಎದ್ದರೆ ಫೌಲು. ಫೌಲಾದಾಗ ಹಿಡಿದದ್ದು ಲೆಕ್ಕಕ್ಕಿಲ್ಲ.

ಕಷ್ಟ ಏನೆಂದರೆ ಬೆಂಗಳೂರಿನ ಹುಡುಗಿಯರ ಕನ್ನಡದಲ್ಲಿ ಅರ್ಧ ಮಾತುಗಳೆಲ್ಲ ಕೋ ಎಂದೇ ಮುಗಿಯುತ್ತವೆ. ಕೂತ್ಕೋ. ಹಿಡ್ಕೋ. ತಪ್ಪಿಸ್ಕೋ. ನೋಡ್ಕೋ. ಗೆರೆಯ ಹೊರಗಿನಿಂದ ಯಾರೋ ‘ನೋಡ್ಕೋ’ ಎನ್ನುವುದು, ಸಾಲಿನಲ್ಲಿ ಒಬ್ಬಳು ಪಟಕ್ಕನೆ ಏಳುವುದು. ದಿನವೂ ಇದೇ. ಒಂದು ಸಂಜೆ ಪಿ.ಟಿ. ಮೇಷ್ಟ್ರಿಗೆ ಸಾಕಾಯಿತು.

“ಯಾರವ್ವ ಈಗ ಕೂತ್ಕೋ ಅಂದಿದ್ದು? ನೋಡು, ಕೂತ್ಕೋ ಅಂದ್ರೆ ಅವಳು ಎದ್ದೇಬುಟ್ಲು! ಇನ್ನು ಮ್ಯಾಕೆ ಆಟದಾಗೆ ಖೋ ಬಿಟ್ರೆ ಯಾವ ಕೋನೂ ಇರಂಗಿಲ್ಲ. ಕೂತ್ಕೋ ಇಲ್ಲ, ಇಡ್ಕೋ ಇಲ್ಲ, ಏನೂ ಇಲ್ಲ.”

“ಮತ್ತೆ ಏನನ್ನೋದು ಸಾರ್? ಮೂಗಿ ಥರ ಆಡೋದಾ?” ಅಂದಳು ನಮ್ಮ ಕ್ಯಾಪ್ಟನ್. ಅವಳು ಜೋರು ಹುಡುಗಿ, ಮನೆಯಲ್ಲಿ ತೆಲುಗು.

ಮೇಷ್ಟ್ರು ಸ್ವಲ್ಪ ಯೋಚಿಸಿ ಬಾಗಲಕೋಟೆಯವಳ ಕಡೆ ತಿರುಗಿದರು. “ನಿಮ್ಮ ಕಡೆ ಏನಂತೀರವ್ವ, ಕೂತ್ಕೋ ಅನ್ನಕ್ಕೆ?”

ಅವಳು ತಲೆ ತಗ್ಗಿಸಿದಳು. ಅಣಕಿಸಲು ಕೇಳುತ್ತಿದ್ದಾರೆ ಅಂದುಕೊಂಡಿರಬೇಕು. “ಕುಂದ್ರು ಅಂತೀವ್ರಿ ಸರ.”

“ಇಡ್ಕೋ ಅನ್ನಕ್ಕೆ?”

“ಹಿಡಿ.”

“ತಪ್ಪಿಸ್ಕೋ?”

“ಓಡು ಅಂತೀವ್ರಿ.”

“ಅಷ್ಟೇಯ. ಇವತ್ತಿಂದ ಅಂಗೇ ಅನ್ರಿ ಎಲ್ಲಾರೂ.”

ಹೀಗೆ ಚರಂಡಿ ಪಕ್ಕದ ಆ ಪಟ್ಟಿಯಲ್ಲಿ ಮಾತ್ರ ಅವಳ ಕನ್ನಡ ನಡೆಯತೊಡಗಿತು. ಉರ್ದು ಮನೆಯ ಹುಡುಗಿ, ತಮಿಳು ಮನೆಯ ಹುಡುಗಿ ಎಲ್ಲರೂ “ಕುಂದ್ರೇ, ಕುಂದ್ರು!” ಎಂದು ಕಿರುಚುತ್ತಿದ್ದರು. ಎರಡು ವಾರದಲ್ಲಿ ಫೌಲುಗಳು ನಿಂತವು. ಗೆರೆ ದಾಟಿ ಕ್ಲಾಸಿಗೆ ಬಂದರೆ ಕುಂದ್ರು ಮತ್ತೆ ನಗೆಪಾಟಲು. ಗಣಿತದ ಮೇಷ್ಟ್ರು ಅವಳನ್ನು ಬೋರ್ಡಿಗೆ ಕರೆದು, ಸೀಮೆಸುಣ್ಣ ಹಿಡಿದು ಅಲ್ಲಾಡದೆ ನಿಂತ ಅವಳ ಬೆನ್ನನ್ನು ಸ್ವಲ್ಪ ಹೊತ್ತು ನೋಡಿ, ದಣಿದ ದನಿಯಲ್ಲಿ “ಹೋಗಮ್ಮ, ಕೂತ್ಕೋ,” ಎನ್ನುತ್ತಿದ್ದರು. ಕ್ಲಾಸಿನಲ್ಲಿ ಆ ಮಾತು ಕೇಳಿದರೆ ಅವಳು ಹೋಗಿ ಕೂರುತ್ತಿದ್ದಳು.

ಹೆಡ್ಮಾಸ್ತರರ ಕೋಣೆಯಲ್ಲಿ ಗಾಜಿನ ಬೀರು ಒಂದಿತ್ತು. ಅದರಲ್ಲಿ ಒಂದು ಕಡೆ ತಗ್ಗು ಬಿದ್ದ ಭೂಗೋಳ ಬಿಟ್ಟರೆ ಏನೂ ಇರಲಿಲ್ಲ. ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಅದನ್ನು ನೋಡಿ, “ಏನ್ರೀ ಇದು, ಬೀರು ಇಟ್ಕೊಂಡಿದೀರಿ, ಒಂದು ಶೀಲ್ಡೂ ಇಲ್ಲ,” ಅಂದರಂತೆ. ಅದಾದ ಮೇಲೆ ಹೆಡ್ಮಾಸ್ತರರು ನಮ್ಮ ತಂಡವನ್ನು ಕರೆಸಿದರು. ಮೈಸೂರಿನ ಕಡೆಯ ತಿದ್ದಿದ ಮಾತು ಅವರದು. ಒಂದೊಂದು ಅಕ್ಷರವೂ ಬೇರೆ ಬೇರೆಯಾಗಿ ಕೇಳಿಸುತ್ತಿತ್ತು.

“ಈ ಸಲ ವಲಯ ಮಟ್ಟದಲ್ಲಿ ಗೆದ್ದು ಶೀಲ್ಡ್ ತನ್ನಿ. ತಂದ್ರೆ ಈ ಹುಡುಗೀನ ಹತ್ತಕ್ಕೆ ಹಾಕೋದು ನನ್ನ ಜವಾಬ್ದಾರಿ. ಗಣಿತ ನಾನು ನೋಡ್ಕೋತೀನಿ.” ಅವಳ ಕಡೆ ತಿರುಗಿದರು. “ತರ್ಲಿಲ್ಲ ಅಂದ್ರೆ ಎಲ್ಲರಿಗೂ ಇರೋ ನಿಯಮವೇ ನಿನಗೂ. ಸರಿನಾಮ್ಮ?”

“ಹೂಂ ರೀ ಸರ,” ಅಂದಳು.

ಹೊರಗೆ ಬಂದ ಮೇಲೆ ಕ್ಯಾಪ್ಟನ್ ಅವಳ ಜಡೆ ಎಳೆದು, “ಪೊಲೀಸಮ್ಮಾ, ನಮ್ಮನ್ನ ಹಿಡಿದು ಒಳಗೆ ಹಾಕ್ಬೇಡ ಕಣೇ ಆಮೇಲೆ,” ಅಂದಳು. ಆ ಸಂಜೆ ಅವಳ ತಾಯಿ ಬಯಲಿನ ಅಂಚಿಗೆ ಬಂದು ನಿಂತಿದ್ದಳು. ಕೂದಲಿನ ತುಂಬ ಸಿಮೆಂಟು, ವಯಸ್ಸೇ ಗೊತ್ತಾಗುತ್ತಿರಲಿಲ್ಲ. ಪಿ.ಟಿ. ಮೇಷ್ಟ್ರಿಗೆ ಕೈಮುಗಿದು, “ನನ್ನ ತಲಿಮ್ಯಾಗಿನ ಸಿಮೆಂಟ್ ಪುಟ್ಟಿ ಇಕಿ ತಲಿಗೆ ಬರಬಾರ್ದ ನೋಡ್ರಿ ಸರ,” ಎಂದಳು. ಮೇಷ್ಟ್ರು ಸೀಟಿ ಊದಿದರು.

ಪಂದ್ಯಗಳು ನಡೆದದ್ದು ಚಿಕ್ಕಬಾಣಾವರದ ರೈಲು ಹಳಿಯ ಹತ್ತಿರದ ಒಂದು ಬಯಲಿನಲ್ಲಿ. ಬೆಳಗಿನ ಎರಡು ಆಟ ಗೆದ್ದೆವು. ಫೈನಲ್ಲಿಗೆ ಎದುರಾದವರು ಬಿಳಿ ಕ್ಯಾನ್ವಾಸ್ ಶೂ ಹಾಕಿದ ಖಾಸಗಿ ಶಾಲೆಯ ಹುಡುಗಿಯರು. ನಮ್ಮ ಗೆಲುವಿನ ಸುದ್ದಿ ಹೇಗೋ ಶಾಲೆ ಮುಟ್ಟಿ, ಮಧ್ಯಾಹ್ನದ ಹೊತ್ತಿಗೆ ಹೆಡ್ಮಾಸ್ತರರು ಇಬ್ಬರು ಮೇಷ್ಟ್ರುಗಳೊಂದಿಗೆ ಬಂದಿಳಿದರು. ಬಯಲಿಗೆ ಅವರು ಕಾಲಿಟ್ಟದ್ದನ್ನು ನಾವು ಅದುವರೆಗೆ ಕಂಡಿರಲಿಲ್ಲ. ಪಿ.ಟಿ. ಮೇಷ್ಟ್ರ ಪಕ್ಕದಲ್ಲೇ, ಗೆರೆಗೆ ಅಂಟಿಕೊಂಡು ನಿಂತರು. ನಮ್ಮ ಭಾಷೆಯ ಕಟ್ಟಳೆ ಅವರಿಗೆ ಗೊತ್ತಿರಲಿಲ್ಲ. ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಕೊನೆಯ ಸರದಿಯಲ್ಲಿ ನಾವು ಹಿಡಿಯುವವರು. ಒಂದು ಪಾಯಿಂಟು ಹಿಂದಿದ್ದೆವು. ಸಮಯ ಮುಗಿಯುತ್ತ ಬಂದಿತ್ತು. ಇನ್ನೊಬ್ಬಳನ್ನು ಹಿಡಿದರೆ ಸಮ, ಸಮವಾದರೆ ಮತ್ತೊಂದು ಸುತ್ತು. ಶೂ ಹಾಕಿದವರು ಆಗಲೇ ಸೊಂಟ ಹಿಡಿದು ನಿಂತಿದ್ದರು; ಇನ್ನೊಂದು ಸುತ್ತು ಅವರಿಂದ ಆಗುತ್ತಿರಲಿಲ್ಲ. ಅವಳು ಕಂಬದ ಪಕ್ಕದ ಕೊನೆಯ ಚೌಕದಲ್ಲಿ, ಹೆಡ್ಮಾಸ್ತರರು ನಿಂತ ಬದಿಗೆ ಮುಖ ಮಾಡಿ ಕೂತಿದ್ದಳು. ಅವಳ ಪಕ್ಕದ ಚೌಕದಲ್ಲಿ ನಾನು.

ಇಲ್ಲಿಂದ ನಾನು ಇದನ್ನು ಹೀಗೆ ಹೇಳುತ್ತಿದ್ದೆ: ಕ್ಯಾಪ್ಟನ್ ಅಟ್ಟಿಸಿಕೊಂಡು ಬಂದಳು. ಶೂ ಹಾಕಿದ ಹುಡುಗಿ ನಮ್ಮಿಬ್ಬರ ನಡುವೆ ನುಸುಳಿ ಆಚೆ ಬದಿಗೆ ಹೋದಳು. ಕ್ಯಾಪ್ಟನ್ ಖೋ ಕೊಡಲು ಅವಳ ಬೆನ್ನಿಗೆ ಕೈ ಚಾಚಿದಳು. ಕೈ ಇನ್ನೂ ಗಾಳಿಯಲ್ಲಿದ್ದಾಗ ಹೆಡ್ಮಾಸ್ತರರು ಎರಡೂ ಕೈ ಎತ್ತಿ, ಮುಖ ಕೆಂಪು ಮಾಡಿಕೊಂಡು “ಹಿಡ್ಕೋ!” ಎಂದು ಕೂಗಿದರು. ಅವಳು ಎದ್ದಳು. ಒಂದೇ ನೆಗೆತಕ್ಕೆ ಆ ಹುಡುಗಿಯ ಭುಜ ಮುಟ್ಟಿದಳು. ರೆಫರಿಯ ಸೀಟಿ. ಫೌಲು. ಅದರ ಬೆನ್ನಿಗೇ ಸಮಯ ಮುಗಿದ ಉದ್ದ ಸೀಟಿ.

ಈಚೆಗೆ ಕ್ಯಾಪ್ಟನ್ ಫೋನಿನಲ್ಲಿ ಸಿಕ್ಕಾಗ ಇದನ್ನೇ ಹೇಳಿದೆ. ಅವಳು ಪೂರ್ತಿ ಕೇಳಿ, “ಅದೆಲ್ಲಾ ನೀನು ಯಾವಾಗ ನೋಡ್ದೆ?” ಅಂದಳು. “ಅವಳು ಆ ಕಡೆ ಮುಖ, ನೀನು ಈ ಕಡೆ ಮುಖ. ನೀನು ನೋಡ್ತಿದ್ದಿದ್ದು ನನ್ನನ್ನ ಕಣೇ.”

ನಿಜ. ಹೆಡ್ಮಾಸ್ತರರು, ಪಿ.ಟಿ. ಮೇಷ್ಟ್ರು ಇಬ್ಬರೂ ನನ್ನ ಬೆನ್ನ ಹಿಂದಿದ್ದರು. ಕೆಂಪಾದ ಮುಖ, ಎತ್ತಿದ ಕೈ, ಭುಜ ಮುಟ್ಟಿದ ಬೆರಳು, ಯಾವುದನ್ನೂ ನಾನು ಕಂಡಿರಲು ಸಾಧ್ಯವಿಲ್ಲ. ಅವಳು ಆ ಹುಡುಗಿಯನ್ನು ಮುಟ್ಟಲೇ ಇಲ್ಲ ಎನ್ನುತ್ತಾಳೆ ಕ್ಯಾಪ್ಟನ್. “ಕಾಲು ಜಾರಿ ಬಿದ್ಲು. ಫೌಲ್ ಆಗ್ದೇ ಇದ್ರೂ ಸೋಲ್ತಿದ್ವಿ.” ಇದು ಅವಳು ತನ್ನ ಸಮಾಧಾನಕ್ಕೆ ಕಟ್ಟಿಕೊಂಡದ್ದೋ ಏನೋ. ನನ್ನ ಕಣ್ಣೆದುರು ಇದ್ದದ್ದು ಕ್ಯಾಪ್ಟನ್ ಚಾಚಿದ ಕೈ, ಅದರ ಬೆರಳುಗಳಿಗೂ ಒಂದು ನೀಲಿ ರವಿಕೆಯ ಬೆನ್ನಿಗೂ ನಡುವೆ ಒಂದು ಅಂಗೈಯಷ್ಟು ಜಾಗ, ಆಮೇಲೆ ಬೆನ್ನು ಇಲ್ಲದಾದದ್ದು. ಕಿವಿಯಲ್ಲಿ ‘ಕೋ’.

ವಾಪಸು ಬರುವಾಗ ಟೆಂಪೋದಲ್ಲಿ ಕ್ಯಾಪ್ಟನ್ ಅಳುತ್ತ ಅವಳ ತೋಳು ಅಲ್ಲಾಡಿಸಿದಳು.

“ನನ್ನ ಕೈ ಇನ್ನೂ ಮುಟ್ಟೇ ಇರ್ಲಿಲ್ವಲ್ಲೇ! ಯಾಕೇ ಎದ್ದೆ?”

“ಕೋ ಅಂದ್ರು.”

“ಯಾರು ಅಂದಿದ್ದು? ನೀನು ಆ ಕಡೆನೇ ನೋಡ್ತಿದ್ಯಲ್ಲ, ಹೇಳು, ಯಾರು?”

ಟೆಂಪೋ ತುಮಕೂರು ರಸ್ತೆಗೆ ಬಂದು ಲಾರಿಗಳ ಹಿಂದೆ ನಿಂತಿತ್ತು. ಡ್ರೈವರ್ ಪಕ್ಕ ಪಿ.ಟಿ. ಮೇಷ್ಟ್ರು ಕಲ್ಲಿನ ಹಾಗೆ ಕೂತಿದ್ದರು. ಹೆಡ್ಮಾಸ್ತರರು ಬಸ್ಸಿನಲ್ಲಿ ಹೋಗಿದ್ದರು.

“ಯಾರರ ಅನ್ಲಿ,” ಅಂದಳು ಕೊನೆಗೆ. “ಎದ್ದಾಕಿ ನಾನಲ್ಲ?”

ಮರುದಿನ ವರಾಂಡ ಗುಡಿಸುವ ಸರದಿ ನಮ್ಮ ಬೆಂಚಿನದಾಗಿತ್ತು. ಹೆಡ್ಮಾಸ್ತರರ ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಪಿ.ಟಿ. ಮೇಷ್ಟ್ರ ದನಿ:

“ತಪ್ಪು ನಂದು ಸಾರ್. ಉಡುಗೀದಲ್ಲ. ಜೋಶಲ್ಲಿ ಇಡ್ಕೋ ಅಂತ ನಾನೇ ಅರಚ್ಬುಟ್ಟೆ. ಅವಳು ಖೋ ಅಂದ್ಕಂಡು ಎದ್ಲು. ಅವಳ್ನ ಪಾಸ್ ಮಾಡಿ ಸಾರ್, ಮುಂದಿನ ಸಲಿ ತಂದ್ಕೊಡ್ತೀನಿ.”

“ಯಾರ ತಪ್ಪು ಅಂತ ನಾನು ಕೇಳ್ಲಿಲ್ಲ,” ಎಂದರು ಹೆಡ್ಮಾಸ್ತರರು. “ಶೀಲ್ಡ್ ಬಂತಾ?”

“ಇಲ್ಲ ಸಾರ್.”

“ಮತ್ತೆ?”

ಪೊರಕೆ ನಿಲ್ಲಿಸಿ ಅವಳ ಕಡೆ ನೋಡಿದೆ. ಅವಳು ಗುಡಿಸುತ್ತಲೇ ಇದ್ದಳು.

ಇಷ್ಟು ವರ್ಷ ನಾನು ತಡವರಿಸುತ್ತಿರುವುದು ಒಂದು ಹಕಾರದ ಸುತ್ತ. ಕೂಗು ‘ಹಿಡ್ಕೋ’ ಆಗಿದ್ದರೆ ಅದು ಹೆಡ್ಮಾಸ್ತರರದು. ‘ಇಡ್ಕೋ’ ಆಗಿದ್ದರೆ ಪಿ.ಟಿ. ಮೇಷ್ಟ್ರದು. ನೆನಪಿನಲ್ಲಿ ಹಕಾರ ಸ್ಪಷ್ಟವಾಗಿ ಕೇಳುತ್ತದೆ. ಆದರೆ ಅದನ್ನು ಅಲ್ಲಿ ಇಟ್ಟವಳು ನಾನೇ ಇರಬಹುದು. ಅವಳನ್ನು ಕೆಡವಿದ ಬಾಯಿ, ಅವಳನ್ನು ಹೊರಗೆ ಹಾಕಿದ ಕೈ ಎರಡೂ ಒಬ್ಬರದೇ ಆದರೆ ಕಥೆ ಚೆನ್ನಾಗಿ ಕೂರುತ್ತದೆ. ಸಿಟ್ಟಿಗೂ ಒಂದು ಜಾಗ ಸಿಗುತ್ತದೆ. ಕಟ್ಟಳೆ ಮಾಡಿದ ಪಿ.ಟಿ. ಮೇಷ್ಟ್ರೇ ಅದನ್ನು ಮುರಿದರು ಎನ್ನುವುದು ನಂಬಲು ಕಷ್ಟ. ಅವರು ಅವಳನ್ನು ಉಳಿಸಲು ಸುಳ್ಳು ಹೇಳಿದರು ಎನ್ನುವುದು ಸುಲಭ. ಆ ಸುಲಭದ ಮೇಲೆಯೇ ನನಗೆ ಗುಮಾನಿ. ಯಾರಿಗೆ ಗೊತ್ತು, ಮೂರನೆಯವರು ಯಾರೋ ತಮ್ಮ ಮಗುವಿಗೆ ‘ಬ್ಯಾಗ್ ಇಟ್ಕೋ’ ಅಂದಿರಬಹುದು. ಆ ಬಯಲಿನಲ್ಲಿ ಐಸ್‌ಕ್ಯಾಂಡಿ ಮಾರುವವನೂ ಇದ್ದ.

ನವೆಂಬರಿನಲ್ಲಿ ರಾಜ್ಯೋತ್ಸವ ಬಂತು. ಒಂದೊಂದು ಜಿಲ್ಲೆಗೆ ಒಬ್ಬೊಬ್ಬ ಹುಡುಗಿ ನಿಂತು, ಆ ಸೀಮೆಯ ಬಗ್ಗೆ ನಾಲ್ಕು ಮಾತು ಹೇಳುವ ಕಾರ್ಯಕ್ರಮ. ಬಾಗಲಕೋಟೆ ಆಗ ಸೇರಿದ್ದ ಬಿಜಾಪುರ ಜಿಲ್ಲೆಗೆ ಅವಳನ್ನೇ ನಿಲ್ಲಿಸಿದರು. ಆದರೆ ಮಾತು ಇನ್ನೊಬ್ಬಳಿಗೆ ಕೊಟ್ಟರು. “ನೀನು ಬಾಯಿ ಬಿಡೋದು ಬೇಡಮ್ಮ, ಬೋರ್ಡ್ ಹಿಡ್ಕೋ ಸಾಕು,” ಎಂದರು ಕನ್ನಡ ಟೀಚರು. ಕೇಡಿನ ಮನಸ್ಸಿನಿಂದ ಅಲ್ಲ. ಜನ ನಗಬಾರದು ಎಂದು. ಅವಳು ಹಳದಿ ಕೆಂಪು ಕಾಗದ ಅಂಟಿಸಿದ ರಟ್ಟನ್ನು ಎದೆಗೆ ಹಿಡಿದು ನಿಂತಳು.

ಆಮೇಲೆ ಪಿ.ಟಿ. ಪೀರಿಯಡ್ಡುಗಳು ಪೂರಾ ಗಣಿತಕ್ಕೆ ಹೋದವು. ಅವಳು ಪ್ರಯತ್ನ ಪಡಲಿಲ್ಲ ಎಂದು ಹೇಳಲಾರೆ. ವಠಾರದ ಕಟ್ಟೆಯ ಮೇಲೆ ಕುಕ್ಕರಗಾಲಿನಲ್ಲಿ ಕೂತು, ಚೌಕದಲ್ಲಿ ಕೂತ ಹಾಗೇ, ತುಟಿ ಬಿಗಿದು ಸಮೀಕರಣಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಉತ್ತರಗಳ ಸಮೇತ. ಪರೀಕ್ಷೆಯಲ್ಲಿ ಅಂಕಿಗಳು ಬದಲಾಗುತ್ತವೆ ಎಂದು ನಾನು ಹೇಳಿದರೆ, “ಯಾಕ ಬದಲಿ ಮಾಡ್ತಾರ?” ಎಂದು ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು. ಏಪ್ರಿಲಿನಲ್ಲಿ ಫಲಿತಾಂಶ. ಗಣಿತದಲ್ಲಿ ಹೋದಳು.

ಜೂನಿನಲ್ಲಿ ಶಾಲೆ ತೆರೆದ ಮೊದಲ ವಾರ ತಾಯಿ ಅವಳನ್ನು ಕರೆದುಕೊಂಡು ಬಂದಳು. ಕೆಲಸಕ್ಕೆ ರಜೆ ಹಾಕಿ, ತಲೆಗೆ ಎಣ್ಣೆ ಹಚ್ಚಿ, ಇಳಕಲ್ ಸೀರೆ ಉಟ್ಟಿದ್ದಳು. ನಾನು ಹತ್ತನೇ ಕ್ಲಾಸಿನ ಕಿಟಕಿಯ ಪಕ್ಕ ಕೂತಿದ್ದೆ. ಆ ಕಿಟಕಿ ವರಾಂಡಕ್ಕೆ ತೆರೆಯುತ್ತಿತ್ತು. ಆದ್ದರಿಂದ ಇದನ್ನು ನಾನು ಕಂಡೆ.

ತಾಯಿ ಒಳಗೆ ಹೋಗಿ ಬಹಳ ಹೊತ್ತು ಮಾತಾಡಿದಳು. ಗೋಡೆಯಾಚೆಯ ಪ್ರೆಸ್ಸಿನ ಬಡಿತದಲ್ಲಿ ನಡುನಡುವೆ “ಸರ”, “ನಿಮ್ಮ ಕಾಲ” ಎನ್ನುವುದಷ್ಟೇ ಕೇಳಿಸಿತು. ಅವಳು ವರಾಂಡದ ನೆಲದ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದಳು. ಎರಡೂ ಅಂಗೈ ಮುಂದೆ ನೆಲಕ್ಕೆ ಊರಿ, ಗದ್ದ ಎತ್ತಿ. ಬೇರೆ ಥರ ಕೂರಲು ಅವಳಿಗೆ ಬರುತ್ತಿರಲಿಲ್ಲವೇನೋ. ಹೆಡ್ಮಾಸ್ತರರು ಟಿ.ಸಿ. ಹಿಡಿದು ಹೊರಗೆ ಬಂದರು. ಅವರ ಮುಖದಲ್ಲಿ ಗೆದ್ದ ಕಳೆ ಏನೂ ಇರಲಿಲ್ಲ. ಅವರಿಗೂ ನಿದ್ದೆ ಕಡಿಮೆಯಾದಂತಿತ್ತು. 

“ಇದನ್ನ ಇಟ್ಕೋಮ್ಮ,” ಎಂದರು. ಅವಳು ಅಲ್ಲಾಡಲಿಲ್ಲ. “ಇಟ್ಕೋ. ಮುಂದೆ ಯಾವುದಕ್ಕಾದ್ರೂ ಬೇಕಾಗುತ್ತೆ. ಇಟ್ಕೋ.”

ಅವಳು ಅವರನ್ನೇ ನೋಡುತ್ತ ಕೂತೇ ಇದ್ದಳು. ಅಷ್ಟರಲ್ಲಿ ತಾಯಿ ಹೊರಬಂದು ಅವಳ ಬೆನ್ನಿಗೆ ಕೈ ಹಾಕಿ, “ಏಳ, ಹೋಗೂಣು,” ಅಂದಳು. ಆಗ ಎದ್ದಳು. ಇಬ್ಬರೂ ವರಾಂಡ ಇಳಿದು ಬಯಲಿಗೆ ನಡೆದರು. ಕಾಗದ ಹೆಡ್ಮಾಸ್ತರರ ಕೈಯಲ್ಲೇ ಉಳಿಯಿತು. ಅವರು ಅತ್ತಿತ್ತ ನೋಡಿ, ಕಿಟಕಿಯಲ್ಲಿದ್ದ ನನ್ನನ್ನು ಕಂಡು, “ಏಯ್, ನೀನು, ಓಡು, ಇದನ್ನ ಅವಳ ಕೈಗೆ ಕೊಟ್ಟು ಬಾ,” ಎಂದರು.

ಓಡಿದೆ. ಬೇಸಿಗೆ ರಜೆಯಲ್ಲಿ ಯಾರೂ ಅಯಸ್ಕಾಂತ ಎಳೆಯದ ಬಯಲು ಬಿಸಿಲಿಗೆ ನೀಲಿಯಾಗಿ ಮಿನುಗುತ್ತಿತ್ತು. ಒಂದೊಂದು ಹೆಜ್ಜೆ ನೋಡಿ ಇಡಬೇಕಾಗಿತ್ತು. ಕೂಗಿದರೂ ಅವಳು ತಿರುಗಲಿಲ್ಲ. ಗೇಟಿನ ಹತ್ತಿರ ಹಿಂದಿನಿಂದ ಅವಳ ಬೆನ್ನಿಗೆ ಆ ಕಾಗದ ತಾಗಿಸಿದೆ.

ತಿರುಗಿದಳು. ಕಾಗದ ನೋಡಿದಳು, ನನ್ನನ್ನು ನೋಡಿದಳು.

“ಬರೇ ಮುಟ್ಟಿದ್ರ ಹೆಂಗ? ಖೋ ಅನ್ನಬೇಕಲ್ಲ,” ಅಂದಳು. “ಫೌಲ್.”

ನನಗೆ ನಗು ಬರಲಿಲ್ಲ. ಅವಳಿಗೂ. ತಾಯಿ “ಏನಂತ?” ಅಂದಳು. “ಏನಿಲ್ಲ ನಡಿ,” ಎಂದು ಅವಳು ಟಿ.ಸಿ. ತೆಗೆದುಕೊಂಡು, ಓದದೆ, ಮಡಿಸದೆ, ಹಾಗೇ ಬೀಸಿಕೊಂಡು ಹೋದಳು. ಬಸ್ ಸ್ಟಾಪಿನ ಕಡೆಗಲ್ಲ, ಗಾರ್ಮೆಂಟ್ಸ್ ಇರುವ ಕಡೆಗೆ. ಆ ದಿನವೇ ಸೇರಿದಳೋ, ಮನೆಗೆ ಅದೇ ಹತ್ತಿರದ ದಾರಿಯೋ, ನನಗೆ ಗೊತ್ತಿಲ್ಲ.

ನಾನು ಖೋ ಅನ್ನಲಿಲ್ಲ. ಅಂದಿದ್ದರೆ ನಿಯಮದ ಪ್ರಕಾರ ಅವಳು ಎದ್ದ ಜಾಗದಲ್ಲಿ ನಾನು ಕೂರಬೇಕಾಗುತ್ತಿತ್ತು.

ವಾಪಸು ಬರುವಷ್ಟರಲ್ಲಿ ಗಂಟೆ ಹೊಡೆಯಿತು. ಪಿ.ಟಿ. ಪೀರಿಯಡ್ಡು. ಪಿ.ಟಿ. ಮೇಷ್ಟ್ರು ಬಾಗಿಲವರೆಗೆ ಬಂದು ನಿಂತಿದ್ದರು. ಒಳಗೆ ಗಣಿತದ ಮೇಷ್ಟ್ರು ಬೋರ್ಡು ಒರೆಸುತ್ತಿದ್ದರು. ನನ್ನ ಹೆಜ್ಜೆ ಸದ್ದು ಕೇಳಿ, ತಿರುಗದೆಯೇ, “ಎಲ್ಲಿಗೆ ಹೋಗಿದ್ಯಮ್ಮ? ಹೋಗು, ಕೂತ್ಕೋ,” ಎಂದರು.

ಕೂತೆ.